ಮತ್ತು ಸಂಗಡಿಗರು

ರಾಮನವಮಿ ಹತ್ತಿರ ಬಂತೆಂದರೆ ನಮ್ಮ ಕಡೆಯ ಊರುಗಳಲ್ಲಿ ಗೋಡೆಗೊಂದರಂತೆ ಸಂಗೀತ ಕಚೇರಿಯ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಹಾಡುವವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅದರ ಹಿಂದೆಯೂ ಮುಂದೆಯೂ ಬಿರುದುಗಳಿರುತ್ತವೆ. ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿಗಳು, ಚಪ್ಪರ ಹಾಕಿಸಿದ ದಾನಿಗಳು, ಕಡೆಗೆ ಕಾಗದದ ಅಂಚಿನಲ್ಲಿ ಮುದ್ರಣಾಲಯದ ಹೆಸರು ಕೂಡ. ಇಷ್ಟೆಲ್ಲದರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಎರಡು ಪದಗಳು ಮುದುಡಿಕೊಂಡಿರುತ್ತವೆ: 'ಮತ್ತು ಸಂಗಡಿಗರು.' ಬೆಂಗಳೂರಿನ ದೊಡ್ಡ ಸಭೆಗಳಲ್ಲಿ ಪಕ್ಕವಾದ್ಯದವರ ಹೆಸರನ್ನು ಹಾಕುವ ಮರ್ಯಾದೆ ಉಂಟೆಂದು ಬಲ್ಲೆ. ನಾನು ಹೇಳುತ್ತಿರುವುದು ತಾಲ್ಲೂಕು ಊರುಗಳ ಮಾತು. ಆ ಎರಡು ಪದಗಳನ್ನು ಕಂಡಾಗಲೆಲ್ಲ ನಾನು ಒಂದು ನಿಮಿಷ ನಿಂತುಬಿಡುತ್ತೇನೆ. ಏಕೆಂದರೆ ನನ್ನ ಸೋದರಮಾವ ಸುಮಾರು ನಲವತ್ತು ವರ್ಷ ಆ 'ಸಂಗಡಿಗರು' ಎಂಬ ಪದದೊಳಗೆ ಬದುಕಿದವರು.

ಮಾವನದು ಅರಕಲಗೂಡು ತಾಲ್ಲೂಕು, ಕಾವೇರಿಯ ದಡದ ಕಡೆ. ಅವರು ಮೃದಂಗ ಕಲಿತದ್ದು ರುದ್ರಪಟ್ಟಣದ ನೆರಳಿನಲ್ಲಿ. ಸಂಗೀತ ಬಲ್ಲವರಿಗೆ ರುದ್ರಪಟ್ಟಣವನ್ನು ಪರಿಚಯಿಸಬೇಕಾಗಿಲ್ಲ. ಅಷ್ಟು ಚಿಕ್ಕ ಊರಿನಿಂದ ಅಷ್ಟು ಮಂದಿ ವಿದ್ವಾಂಸರು ಹೊರಟ ಇನ್ನೊಂದು ಉದಾಹರಣೆ ನಮ್ಮ ನಾಡಿನಲ್ಲಿ ಸಿಕ್ಕುವುದು ಕಷ್ಟ. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರ ಹೆಸರು ಎಲ್ಲರಿಗೂ ಗೊತ್ತು. ರುದ್ರಪಟ್ಟಣಂ ಸಹೋದರರಾದ ತ್ಯಾಗರಾಜನ್, ತಾರಾನಾಥನ್ ಅವರ ಹೆಸರೂ ಗೊತ್ತು. ಆದರೆ ಶ್ರೀಕಂಠನ್ ಅವರ ಅಣ್ಣ ವೆಂಕಟರಾಮ ಶಾಸ್ತ್ರಿಗಳು ಪಿಟೀಲು ನುಡಿಸುತ್ತಿದ್ದರು; ಅದೇ ಊರಿನ ಆರ್. ಆರ್. ಕೇಶವಮೂರ್ತಿಗಳು ಏಳು ತಂತಿಯ ಪಿಟೀಲು ಹಿಡಿದು ಒಂದಿಡೀ ಶಿಷ್ಯಪರಂಪರೆಯನ್ನೇ ಬೆಳೆಸಿದರು. ಇವರ ಹೆಸರುಗಳನ್ನು ಹೇಳಬೇಕಾದರೆ ಕೇಳುವವರು ಸ್ವಲ್ಪ ಹಳಬರಾಗಿರಬೇಕು. ಹಾಡಿದವರು ನೆನಪಿನಲ್ಲಿ ಉಳಿಯುವಷ್ಟು ಸುಲಭವಾಗಿ ಪಕ್ಕದಲ್ಲಿ ಕೂತವರು ಉಳಿಯುವುದಿಲ್ಲ. ನನ್ನ ಮಾವ ಈ ಮಹನೀಯರ ಸಾಲಿನವರಲ್ಲ. ಆ ಸಾಲಿನ ಬಾಲದಲ್ಲಿ ಎಲ್ಲೋ ಇದ್ದವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಇಷ್ಟೇ ಅವರ ಸಾಮ್ರಾಜ್ಯ. ಬಸ್ಸಿನ ಕೊನೆಯ ಸೀಟಿನಲ್ಲಿ ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಆ ಸಾಮ್ರಾಜ್ಯವನ್ನು ಸುತ್ತುತ್ತಿದ್ದರು.

ನಮ್ಮ ತಂದೆ ಶ್ರವಣಬೆಳಗೊಳದಲ್ಲಿ ಉಪಾಧ್ಯಾಯರಾಗಿದ್ದರು. ಚನ್ನರಾಯಪಟ್ಟಣದ ಕಡೆ ಕಚೇರಿ ಇದ್ದಾಗ ಮಾವ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. ಅವರು ಬಂದರೆಂದರೆ ಅಮ್ಮ ರವೆಯ ಡಬ್ಬಿಯನ್ನು ಎತ್ತಿಡುತ್ತಿದ್ದಳು. ಮೃದಂಗದ ಎಡಮುಖಕ್ಕೆ ಕಲಸಿದ ರವೆಯನ್ನು ಅಂಟಿಸಬೇಕಲ್ಲ. "ಅಣ್ಣ, ಉಪ್ಪಿಟ್ಟಿಗೆ ಎಂದು ಇಟ್ಟಿರುವುದು ಇಷ್ಟೇ" ಎಂದು ಅವಳು. "ನಿನ್ನ ಉಪ್ಪಿಟ್ಟಿಗಿಂತ ನನ್ನ ರವೆಗೇ ನಾದ ಹೆಚ್ಚು ಕಣೇ" ಎಂದು ಇವರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಬಲಮುಖದ ಅಂಚಿಗೆ ಕಲ್ಲಿನಿಂದ ಮೆಲ್ಲನೆ ತಟ್ಟಿ, ಕಿವಿಯನ್ನು ಹತ್ತಿರ ತಂದು ಕೇಳಿ, ಮತ್ತೆ ತಟ್ಟಿ, ಮತ್ತೆ ಕೇಳಿ, ಅವರು ಶ್ರುತಿ ಸೇರಿಸುವುದನ್ನು ನೋಡಿದರೆ ವೈದ್ಯರು ರೋಗಿಯ ಎದೆಯನ್ನು ಪರೀಕ್ಷಿಸುವುದು ನೆನಪಾಗುತ್ತಿತ್ತು.

1981ರ ಮಹಾಮಸ್ತಕಾಭಿಷೇಕ ಮುಗಿದು ಜನಸಂದಣಿ ಕರಗಿದ ಮೇಲೆ ಮಾವ ಒಮ್ಮೆ ಬಂದಿದ್ದರು. ಇಬ್ಬರೂ ದೊಡ್ಡಬೆಟ್ಟ ಹತ್ತಿದೆವು. 600ಕ್ಕೂ ಹೆಚ್ಚು ಮೆಟ್ಟಿಲು. ಮಾವ ಪ್ರತಿ ಮೆಟ್ಟಿಲನ್ನೂ ಆದಿತಾಳದಲ್ಲಿ ಎಣಿಸುತ್ತ ಹತ್ತಿದರು. ಗೊಮ್ಮಟನ ಪಾದದ ಬಳಿಯ ಶಾಸನದಲ್ಲಿ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದಿದೆ ಎಂದು ನಾನು ಶಾಲೆಯ ಹುಡುಗನ ಉತ್ಸಾಹದಲ್ಲಿ ವಿವರಿಸಿದೆ. "ಮಾಡಿಸಿದವನು ಸರಿ. ಮಾಡಿದವನು?" ಎಂದರು. ಅದು ಅಲ್ಲಿ ಬರೆದಿಲ್ಲ ಎಂದೆ. ಮಾವ ಏನೂ ಹೇಳದೆ ಗೊಮ್ಮಟನ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಎದುರುಗಡೆ ಇರುವ ಗುಳ್ಳೆಕಾಯಜ್ಜಿಯ ಮುಂದೆ ನಿಂತರು. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪೂರ್ತಿಯಾಗಲಿಲ್ಲವಂತೆ. ಬಡ ಮುದುಕಿಯೊಬ್ಬಳು ಗುಳ್ಳೆಕಾಯಿಯ ಸಿಪ್ಪೆಯಲ್ಲಿ ತಂದ ಚೂರು ಹಾಲು ಪಾದದವರೆಗೂ ಹರಿಯಿತಂತೆ. ಈ ಕಥೆ ನಮ್ಮೂರಿನ ಮಗುವಿಗೂ ಗೊತ್ತು. "ಈ ಅಜ್ಜಿ ಪಕ್ಕವಾದ್ಯದವಳು ಕಣೋ," ಎಂದರು ಮಾವ. "ಇವಳಿಗೂ ಹೆಸರಿಲ್ಲ ನೋಡು. ಕೈಯಲ್ಲಿದ್ದ ಪಾತ್ರೆಯ ಹೆಸರೇ ಇವಳ ಹೆಸರು. ನನ್ನನ್ನು ಮೃದಂಗದವನು ಎಂದ ಹಾಗೆ." ಇದನ್ನು ಅವರು ನಗುತ್ತಲೇ ಹೇಳಿದರು. ಕಹಿ ಅವರ ಸ್ವಭಾವದಲ್ಲಿರಲಿಲ್ಲ.

ಪಕ್ಕವಾದ್ಯವೆಂದರೆ ಹಿಂದೆ ಹಿಂದೆ ಹೋಗುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ತಿಳಿದದ್ದು ಹೊಳೆನರಸೀಪುರದ ಒಂದು ಕಚೇರಿಯಲ್ಲಿ. ಗಾಯಕರು ಭರದಿಂದ ಕಲ್ಪನಾಸ್ವರ ಹಾಡುತ್ತ ಹಾಡುತ್ತ ಎಡುಪಿಗೆ ಅರ್ಧ ಅಕ್ಷರ ಮೊದಲೇ ಬಂದುಬಿಟ್ಟರು. ಬಲ್ಲವರ ಸಭೆಯಾಗಿದ್ದರೆ ನಾಲ್ಕು ಜನ ಮುಖ ಮುಖ ನೋಡಿಕೊಳ್ಳಬೇಕಾದ ತಪ್ಪು ಅದು. ಮಾವ ತಮ್ಮ ಮುಕ್ತಾಯವನ್ನು ಅರ್ಧ ಅಕ್ಷರ ಕತ್ತರಿಸಿ ಸರಿಯಾಗಿ ಅಲ್ಲೇ ಬಂದು ಕೂತರು. ಮೊದಲಿನಿಂದಲೂ ಅದೇ ಲೆಕ್ಕವಿತ್ತೇನೋ ಎಂಬಂತೆ ಕಂಡಿತು. ಸಭೆ ಚಪ್ಪಾಳೆ ತಟ್ಟಿತು, ಗಾಯಕರಿಗೆ. ಮಾವನೂ ತಲೆದೂಗಿದರು, ಗಾಯಕರಿಗೇ. ಬಸ್ಸಿನಲ್ಲಿ ಬರುವಾಗ ನಾನು ಕೆಣಕಿದೆ. "ಹಾಡುವವನ ಮಾನ ನನ್ನ ಕೈಯಲ್ಲಿದೆಯಪ್ಪ," ಎಂದರು. "ಅವನು ತಪ್ಪಿದಾಗ ನಾನು ಸರಿ ಇದ್ದೇನೆಂದು ತೋರಿಸಿಕೊಳ್ಳುವುದು ವಿದ್ಯೆಯಲ್ಲ. ಅವನ ಜತೆ ತಪ್ಪಿ ಇಬ್ಬರೂ ಸರಿ ಎನ್ನಿಸಿಕೊಳ್ಳುವುದು ವಿದ್ಯೆ. ಅದಕ್ಕೆ ಕೈಗಿಂತ ಕಿವಿ ಚೆನ್ನಾಗಿರಬೇಕು."

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅದನ್ನು ಸ್ವಲ್ಪ ಹೊತ್ತು ಮುಂದೂಡುವುದಕ್ಕೆ ಎಂದು ಓದುಗರು ಊಹಿಸಿರಬಹುದು.

1983ರಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ವಿದ್ಯಾರ್ಥಿನಿಲಯದ ನನ್ನ ಕೊಠಡಿಯ ಗೆಳೆಯನಿಗೆ ರಾಕ್ ಸಂಗೀತದ ಹುಚ್ಚು, ನನಗೂ ಅಂಟಿತ್ತು. ಅವನ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಚನ್ನರಾಯಪಟ್ಟಣದ ರಾಮೋತ್ಸವದಲ್ಲಿ ಮಾವನ ಕಚೇರಿ ಇದೆಯೆಂದು ಗೊತ್ತಾದಾಗ ಅದನ್ನು ಕಾಡಿ ಬೇಡಿ ತಂದೆ. ನನ್ನ ಬಳಿ ಇದ್ದದ್ದು ಒಂದೇ ಒಂದು ಖಾಲಿ ಕ್ಯಾಸೆಟ್ಟು, 90 ನಿಮಿಷದ್ದು. ಅದರಲ್ಲಿ ಗೆಳೆಯನ ತಟ್ಟೆಯಿಂದ ಬೀಟಲ್ಸ್ ತಂಡದ ಹಾಡುಗಳನ್ನೂ ತುಂಬಿಸಿಕೊಳ್ಳಬೇಕೆಂಬ ಆಸೆ ನನಗೆ. ಚಪ್ಪರದ ಕಂಬಕ್ಕೆ ಒರಗಿ ಕೂತು ಗುಂಡಿ ಒತ್ತಿದೆ. ವರ್ಣ ಆಯಿತು, ಕೃತಿಗಳಾದವು, ಪ್ರಧಾನ ಕೃತಿ ಬಂತು, ಸ್ವರ ಮುಗಿಯಿತು. ಗಾಯಕರು ಮಾವನ ಕಡೆ ಕೈ ತೋರಿಸಿ ತಾಳ ಹಾಕುತ್ತ ಕೂತರು. ತನಿ ಆವರ್ತನ. ಸಂಜೆಯೆಲ್ಲ ಮತ್ತೊಬ್ಬರಿಗಾಗಿ ನುಡಿಸಿದವನಿಗೆ ತನ್ನದೆಂದು ಸಿಕ್ಕುವ ಹದಿನೈದು ನಿಮಿಷ ಅದು. ಸಭೆಯಲ್ಲಿ ಅರ್ಧ ಜನ ಎದ್ದರು. ಪಾನಕ ಕೋಸಂಬರಿ ಹಂಚುವ ಕಡೆ ಗದ್ದಲವಾಯಿತು. ನಾನು ಏಳಲಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಮಾಡಿದೆ. 'ಬರಿಯ ಮೃದಂಗಕ್ಕೆ ಟೇಪು ಏಕೆ ದಂಡ' ಎಂದುಕೊಂಡು ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿದೆ.

ಬೇಸಗೆ ರಜಕ್ಕೆ ಊರಿಗೆ ಬಂದಾಗ ಮಾವ ನಮ್ಮ ಮನೆಯಲ್ಲಿದ್ದರು. "ಏನೋ, ಅವತ್ತು ಹಿಡಿದುಕೊಂಡೆಯಲ್ಲ, ಹಾಕು, ಕೇಳೋಣ" ಎಂದರು. ಅವರು ತಮ್ಮ ವಾದನವನ್ನು ಹೊರಗಿನಿಂದ ಎಂದೂ ಕೇಳಿದವರಲ್ಲ. ನಾನು ಏನು ಮಾಡಿದ್ದೆನೆಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು; ಆದರೆ ತಪ್ಪಿಸಿಕೊಳ್ಳುವ ಉಪಾಯ ಹೊಳೆಯಲಿಲ್ಲ. ಜಗುಲಿಯ ಮೇಲೆ ಕೂತು ಕೇಳಿದೆವು. ಅಮ್ಮನೂ ಬಂದು ಬಾಗಿಲಿಗೆ ಒರಗಿ ನಿಂತಳು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ಸ್ವರ ಮುಗಿಯುವ ಹೊತ್ತಿಗೆ ಸ್ವಲ್ಪ ನೆಟ್ಟಗಾಗಿ ಕೂತರು. ಮೃದಂಗದ ಎರಡು ಪೆಟ್ಟು ಕೇಳಿಸಿತು. ಟಕ್ ಎಂದು ಒಂದು ಸದ್ದು. ಅದರ ಹಿಂದೆಯೇ ತಂಬೂರಿಯ ಶ್ರುತಿ, ಯಾವನೋ ಇಂಗ್ಲೀಷಿನವನ ಧ್ವನಿ.

ಅಮ್ಮ ನನ್ನ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ. ನಾನು ಯಂತ್ರದ ಕಡೆ ಕೈ ಚಾಚಿದೆ. ಮಾವ ಬೇಡವೆಂದು ಸನ್ನೆ ಮಾಡಿದರು. ಅದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1967ರಲ್ಲಿ ಮಾಡಿದ 'ವಿಥಿನ್ ಯೂ ವಿಥೌಟ್ ಯೂ' ಎಂಬ ಹಾಡು. ಇಡೀ ತಟ್ಟೆಯಲ್ಲಿ ನಮ್ಮ ವಾದ್ಯಗಳೇ ಮುಂದಾಗಿರುವ ಹಾಡು ಅದೊಂದೇ. ಮಾವ ತೊಡೆಯ ಮೇಲೆ ಬೆರಳು ಮಡಿಸುತ್ತ ಎಣಿಸತೊಡಗಿದರು. "ಹಾಡಿನ ಹಿಂದೆಯೇ ನೆರಳಿನ ಹಾಗೆ ಹೋಗುತ್ತಿದೆಯಲ್ಲ, ಪಿಟೀಲಿನಂಥದು, ಅದು ಯಾವ ವಾದ್ಯ?" ಎಂದರು. ದಿಲ್ರುಬಾ ಎಂದು ಹೊದಿಕೆಯಲ್ಲಿರಲಿಲ್ಲ, ಗೆಳೆಯ ಹೇಳಿದ್ದ. ಹಾಡು ನಿಂತು ವಾದ್ಯಗಳ ಭಾಗ ಬಂತು. ಅಲ್ಲಿ ಲೆಕ್ಕ ಐದಕ್ಕೆ ತಿರುಗುತ್ತದೆ. ಮಾವನ ಬೆರಳು ಅರೆಕ್ಷಣ ತಡೆಯಿತು, ಆಮೇಲೆ ಕಣ್ಣು ತೆರೆದು, "ಭಲೆ! ಖಂಡಕ್ಕೆ ಹೋದನಲ್ಲೋ! ಎಷ್ಟು ನಿರಾಯಾಸವಾಗಿ ಹೋದ ನೋಡು. ತಬಲಾದವನು ಯಾರು?"

"ಗೊತ್ತಿಲ್ಲ ಮಾವ. ತಟ್ಟೆಯ ಮೇಲೆ ಹಾಕಿಲ್ಲ."

"ಹಾಕಿಲ್ಲವೆ?" ಎಂದು ಮಾವ ನಕ್ಕರು. "ಹಾಗಾದರೆ ನಮ್ಮವನೇ."

ಟೇಪಿನಲ್ಲಿ ಇಲ್ಲದೆ ಹೋದ ತನಿಯ ವಿಷಯ ಅವರು ಅಂದೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

'ನಮ್ಮವನೇ' ಎಂಬ ಆ ಮಾತು ಎಷ್ಟು ನಿಜವೆಂಬುದು ನನಗೆ ತಿಳಿದದ್ದು ತೀರ ಈಚೆಗೆ, ರಾಕ್ ಸಂಗೀತದ ಚರಿತ್ರೆಯನ್ನು ಓದತೊಡಗಿದ ಮೇಲೆ. ನಾವು ತಂಡಗಳ ಹೆಸರು ಹೇಳಿ ಕುಣಿದಾಡಿದ ಎಷ್ಟೋ ಹಾಡುಗಳನ್ನು ನುಡಿಸಿದವರು ಆ ತಂಡದವರೇ ಅಲ್ಲ! ದಿನಗೂಲಿಯ ಲೆಕ್ಕದಲ್ಲಿ ಸ್ಟುಡಿಯೊಗೆ ಬಂದು, ಮುಂದಿಟ್ಟ ಹಾಡನ್ನು ನುಡಿಸಿ, ಹಣ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ ವಾದ್ಯಗಾರರು. 1965ರಲ್ಲಿ ಬರ್ಡ್ಸ್ ಎಂಬ ಐವರ ತಂಡಕ್ಕೆ ಮೊದಲ ಕೀರ್ತಿ ತಂದ ಹಾಡಿನಲ್ಲಿ ತಂಡದ ಒಬ್ಬನೇ ಗಿಟಾರ್ ನುಡಿಸಿದ್ದ. ಡ್ರಮ್ಮಿಗೆ ಕೂತದ್ದು ಲಾಸ್ ಏಂಜಲೀಸಿನ ಹಾಲ್ ಬ್ಲೇನ್. ಡೆಟ್ರಾಯಿಟಿನ ಮೋಟೌನ್ ಕಂಪೆನಿಯಲ್ಲಿ ಜೇಮ್ಸ್ ಜೇಮರ್ಸನ್ ಎಂಬಾತ ಬೇಸ್ ಗಿಟಾರ್ ನುಡಿಸುತ್ತಿದ್ದ. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ಆತನನ್ನು ಕೇಳಿ ಕೇಳಿ ತನ್ನ ಕೈಯನ್ನು ತಿದ್ದಿಕೊಂಡ. ಆದರೆ ಆ ಗುರುವಿನ ಹೆಸರು ಬಹಳ ಕಾಲ ತನಗೇ ತಿಳಿದಿರಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಆ ಕಂಪೆನಿಯ ತಟ್ಟೆಯೊಂದರ ಮೇಲೆ ಈ ವಾದ್ಯಗಾರರ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇಯ ಹಾಡುಗಳ ಜತೆ. ಏಕಲವ್ಯನಿಗಾದರೂ ದ್ರೋಣನ ಹೆಸರು ಗೊತ್ತಿತ್ತು.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಸಿನಿಮಾ ಹಾಡುಗಳು ಮದರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ಪರದೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು ಬರುತ್ತಿತ್ತು, ಹಾಡಿದವರ ಹೆಸರು ಬರುತ್ತಿತ್ತು. ಜಿ. ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತಿದ್ದ ತರುಣನ ಹೆಸರು ಯಾರಿಗೆ ಬೇಕಿತ್ತು? ಆತನೇ ಮುಂದೆ ಇಳೆಯರಾಜ ಆದರು. ಆದರೆ ಅವರ ಅಕ್ಕಪಕ್ಕ ಕೂತಿದ್ದ ಉಳಿದವರು 'ಸಂಗಡಿಗರು' ಆಗಿಯೇ ಉಳಿದರು.

ಇನ್ನೊಂದು ಸಂಗತಿ ನನಗೆ ಬಹಳ ವಿಚಾರ ಮಾಡುವಂತೆ ಮಾಡಿತು. ನಮ್ಮ ಸಂಗೀತವನ್ನು ಅರಸಿಕೊಂಡು ರಾಕ್ ತಂಡಗಳವರು ಇತ್ತ ಬಂದಾಗ ಅವರು ಯಾರ ಪಕ್ಕದಲ್ಲಿ ಕೂತರು? ಬಹಳಮಟ್ಟಿಗೆ ನಮ್ಮ ಪಕ್ಕವಾದ್ಯದವರ ಪಕ್ಕದಲ್ಲಿ. ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು 1964ರಲ್ಲಿ ತಾಳವಾದ್ಯಕ್ಕೆಂದೇ 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್' ಎಂಬ ಶಾಲೆಯನ್ನು ತೆರೆದರು. ಜರ್ಮನಿಯ ಮ್ಯೂನಿಕ್ಕಿನ ಎಂಬ್ರಿಯೊ ಎಂಬ ರಾಕ್ ತಂಡದವರು 1970ರ ದಶಕದ ಕೊನೆಯಲ್ಲಿ ಬಸ್ಸಿನಲ್ಲಿ ಹೊರಟು ದೇಶದಿಂದ ದೇಶಕ್ಕೆ ನುಡಿಸುತ್ತ ಭಾರತಕ್ಕೆ ಬಂದರು. ಅವರೂ ಮಣಿಯವರ ತಂಡವೂ ಕೂಡಿ ನುಡಿಸಿದ ಧ್ವನಿಮುದ್ರಿಕೆ ಇದೆ. 1983ರಲ್ಲಿ, ಎಂದರೆ ನಾನು ಚನ್ನರಾಯಪಟ್ಟಣದಲ್ಲಿ ಮೃದಂಗಕ್ಕೆ ಟೇಪು ದಂಡವೆಂದು ತೀರ್ಮಾನಿಸಿದ ವರ್ಷವೇ, ಮಣಿಯವರ ಮೃದಂಗ, ಆರ್. ಎ. ರಮಾಮಣಿಯವರ ಗಾಯನ, ಅಮೆರಿಕದ ಚಾರ್ಲಿ ಮೇರಿಯಾನೊ ಅವರ ಸ್ಯಾಕ್ಸೊಫೋನು ಸೇರಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಯೂರೋಪಿನಲ್ಲಿ ಹೊರಬಂತು! 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ರಮೇಶ್ ಶೋಥಂ ಅದೇ ಶಾಲೆಯಲ್ಲಿ ನಮ್ಮ ತಾಳವಾದ್ಯಗಳನ್ನು ಕಲಿತು ಯೂರೋಪಿಗೆ ಹೋಗಿ ನೆಲೆಸಿದರು. ಅದಕ್ಕೂ ಮೊದಲು, ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 'ಶಕ್ತಿ' ತಂಡವನ್ನು ಕಟ್ಟಿದಾಗ ಅದರಲ್ಲಿ ವಿಕ್ಕು ವಿನಾಯಕರಾಮ್ ಅವರ ಘಟವಿತ್ತು. ನಮ್ಮ ಕಚೇರಿಗಳಲ್ಲಿ ಘಟವೆಂದರೆ ಮೃದಂಗಕ್ಕೂ ಪಕ್ಕದಲ್ಲಿ ಕೂಡುವ ವಾದ್ಯ, ಪಕ್ಕವಾದ್ಯಕ್ಕೆ ಪಕ್ಕವಾದ್ಯ. ಅದು ಲೋಕವನ್ನೇ ಸುತ್ತಿ ಬಂತು. ರುದ್ರಪಟ್ಟಣದ ಕೇಶವಮೂರ್ತಿಗಳ ಬಳಿ ಎಳವೆಯಲ್ಲಿ ಪಿಟೀಲು ಕಲಿತ ಜ್ಯೋತ್ಸ್ನಾ ಶ್ರೀಕಾಂತ್ ಲಂಡನ್ನಿನಲ್ಲಿ ನೆಲೆಸಿ ಪಾಶ್ಚಾತ್ಯ ವಾದ್ಯಗಾರರ ನಡುವೆ ನುಡಿಸಿದ್ದಾರೆ.

ಇದೇಕೆ ಹೀಗೆ? ಮಾವ ಹೇಳಿದ ಮಾತಿನಲ್ಲೇ ಉತ್ತರವಿದೆಯೆಂದು ನನಗೆ ತೋರುತ್ತದೆ. ಮುಂದೆ ಕೂತು ಹಾಡುವವರಿಗೆ ತಮ್ಮ ರಾಗ, ತಮ್ಮ ಸಾಹಿತ್ಯ, ತಮ್ಮ ಸಂಪ್ರದಾಯ. ಅದನ್ನು ಬಿಟ್ಟು ಅವರು ಬಹಳ ದೂರ ಬರಲಾರರು, ಬರಬೇಕಾಗಿಯೂ ಇಲ್ಲ. ಪಕ್ಕವಾದ್ಯದವನಿಗೆ ಮೊದಲ ದಿನದಿಂದ ಕಲಿಸುವುದೇ ಬೇರೆಯವನನ್ನು ಕೇಳುವುದನ್ನು. ಇಂದು ಹಾಡುವವನು ಅವಸರದವನು, ನಾಳಿನವನು ನಿಧಾನದವನು, ನಾಡಿದ್ದಿನವನು ತಾಳ ತಪ್ಪುವವನು. ಎಲ್ಲರ ಜತೆಯೂ ಅವನು ಹೊಂದಿಕೊಂಡು ನಡೆಯಬೇಕು. ನಲವತ್ತು ವರ್ಷ ಹೀಗೆ ಕೂತವನ ಪಕ್ಕದಲ್ಲಿ ಬಿಳಿಯನೊಬ್ಬ ವಿದ್ಯುತ್ ಗಿಟಾರ್ ಹಿಡಿದು ಕೂತರೆ ಅವನೇನೂ ಗಾಬರಿಯಾಗುವುದಿಲ್ಲ. 'ಇವನ ಎಡುಪು ಎಲ್ಲಿ?' ಎಂದು ಕಿವಿಗೊಡುತ್ತಾನೆ, ಅಷ್ಟೆ. ನಮ್ಮ ಜಗುಲಿಯ ಮೇಲೆ ಮಾವ ಮಾಡಿದ್ದೂ ಅದನ್ನೇ ಅಲ್ಲವೆ? ತನ್ನ ತನಿಯನ್ನು ನುಂಗಿ ಕೂತ ಹಾಡಿಗೆ ತಾಳ ಹಾಕಿದರು.

ಮಾವ ತೀರಿಕೊಂಡದ್ದು 1994ರಲ್ಲಿ. ಅವರ ವಾದನ ಎಂದು ಉಳಿದಿರುವುದು ನನ್ನ ಆ ಒಂದು ಕ್ಯಾಸೆಟ್ಟು. ಅದರಲ್ಲಿ ಅವರು ಮತ್ತೊಬ್ಬರಿಗಾಗಿ ನುಡಿಸಿದ್ದೆಲ್ಲ ಇದೆ. ತಮಗಾಗಿ ನುಡಿಸಿದ್ದು ಎರಡು ಪೆಟ್ಟು.

2017ರಲ್ಲಿ ಬೀಟಲ್ಸ್ ತಂಡದ ಆ ತಟ್ಟೆಗೆ ಐವತ್ತು ತುಂಬಿತೆಂದು ಅದನ್ನು ಮತ್ತೆ ಹೊರತಂದರು. ಆಗ ಪತ್ರಿಕೆಗಳಲ್ಲಿ ಓದಿದೆ. ಹ್ಯಾರಿಸನ್ನನ ಹಾಡಿಗೆ ನುಡಿಸಿದವರು ಲಂಡನ್ನಿನಲ್ಲಿ ನೆಲೆಸಿದ್ದ ನಾಲ್ವರು ಭಾರತೀಯರಂತೆ. ಅವರ ಹೆಸರುಗಳು ಐವತ್ತು ವರ್ಷದ ಮೇಲೆ ಬೆಳಕಿಗೆ ಬಂದವು. ದಿಲ್ರುಬಾಕ್ಕೆ ಅನ್ನಾ ಜೋಶಿ, ಅಮೃತ್ ಗಜ್ಜರ್. ತಂಬೂರಿಗೆ ಬುದ್ಧದೇವ್ ಕನ್ಸಾರ. ತಬಲಾಕ್ಕೆ ನಟ್ವರ್ ಸೋನಿ. ಓದುತ್ತಿದ್ದಂತೆ, 'ಮಾವ, ಸಿಕ್ಕಿತು!' ಎಂದು ಕೂಗಬೇಕೆನ್ನಿಸಿತು. ಕೇಳಿದ್ದವರು ಇಲ್ಲವಾಗಿ ಇಪ್ಪತ್ತಮೂರು ವರ್ಷವಾಗಿತ್ತು.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನುಗ್ಗೇಹಳ್ಳಿ ಎಂಬ ಊರಿದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಆದರೆ ಗೋಡೆಯ ವಿಗ್ರಹಗಳ ಕೆಳಗೆ ಕಣ್ಣಿಟ್ಟು ನೋಡಿದರೆ ಮಲ್ಲಿತಮ್ಮ, ಬೈಚೋಜ ಎಂದು ಕೆತ್ತಿದವರ ಹೆಸರುಗಳೂ ಕಾಣುತ್ತವೆ. ಹೋದ ವರ್ಷ ಅವನ್ನು ನೋಡಿ ಬಂದೆ. ಎರಡು ಬೆರಳು ಜಾಗದಲ್ಲಿ ಮುಗಿದುಹೋಗುವ ಕೆಲಸ. ಆ ಜಾಗಕ್ಕಾಗಿ ದಂಡನಾಯಕನ ಕೀರ್ತಿಗೆ ಏನೂ ಕಡಿಮೆಯಾಗಿಲ್ಲ.

ಮನೆಗೆ ಬಂದು ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಅದರ ಚೀಟಿಯ ಮೇಲೆ 1983ರಲ್ಲಿ ನಾನು ಬರೆದದ್ದು ಗಾಯಕರ ಹೆಸರು, ಅದರ ಕೆಳಗೆ ಬೀಟಲ್ಸ್, ಅಷ್ಟೆ. ಪಕ್ಕದಲ್ಲಿ ಇನ್ನೂ ಸ್ವಲ್ಪ ಜಾಗವಿತ್ತು. ಸಣ್ಣ ಅಕ್ಷರದಲ್ಲಿ ಮಾವನ ಹೆಸರನ್ನೂ, ಅದರ ಕೆಳಗೆ ನಟ್ವರ್ ಸೋನಿಯವರ ಹೆಸರನ್ನೂ ಬರೆದೆ. ನಲವತ್ತು ವರ್ಷ ತಡವಾಯಿತು, ನಿಜ. ಮಾವ ಇದ್ದಿದ್ದರೆ ಅದಕ್ಕೂ ಏನಾದರೊಂದು ಲೆಕ್ಕ ಹೇಳಿ ನನ್ನನ್ನು ಎಡುಪಿಗೆ ಸರಿಯಾಗಿ ತಂದು ಕೂರಿಸುತ್ತಿದ್ದರೋ ಏನೋ.

ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಕಚೇರಿಯಲ್ಲಿ ತನಿ ಆರಂಭವಾದಾಗ ದಯವಿಟ್ಟು ಏಳಬೇಡಿ. ಕ್ಯಾಂಟೀನಿನ ಕಾಫಿ ಹದಿನೈದು ನಿಮಿಷದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.